ಫೋನಿಗೆ 90, ಕಂಪ್ಯೂಟರ್‌ಗೆ 3: ಒಂದೇ ವೈಫೈ, ಒಂದೇ ರೂಮು

ಸರಸ್ವತಿಪುರಂ ಡಿಟಿಪಿ
ಸೋಮವಾರ, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಹತ್ತು ಹದಿನೈದು ದಿನದಿಂದ ಒದ್ದಾಡುತ್ತಿದ್ದೇನೆ, ಗೊತ್ತಿರುವವರು ದಯವಿಟ್ಟು ಹೇಳಿ.

ನಾನು ಮೈಸೂರಿನಲ್ಲಿ ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಸ್ಮರಣ ಸಂಚಿಕೆ, ಒಮ್ಮೊಮ್ಮೆ ಪುಸ್ತಕ. ಕೆಲಸ ಮುಗಿದ ಮೇಲೆ ಪಿಡಿಎಫ್ ಮಾಡಿ ಪ್ರೆಸ್‌ಗೆ ಕಳಿಸಬೇಕು. ಫೋಟೋ ಜಾಸ್ತಿ ಇರುವ ಸಂಚಿಕೆ ಆದರೆ ಒಂದು ಫೈಲೇ 240 ಎಂಬಿ ಆಗುತ್ತದೆ. ಮನೆಗೆ ಫೈಬರ್ ಇದೆ, 100 ಎಂಬಿಪಿಎಸ್ ಪ್ಲಾನು. ಫೋನಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ 90, 92 ಬರುತ್ತದೆ. ಅದೇ ಕುರ್ಚಿಯಲ್ಲಿ ಕೂತು, ಅದೇ ವೈಫೈನಲ್ಲಿ, ಕಂಪ್ಯೂಟರ್‌ನಲ್ಲಿ ಮಾಡಿದರೆ 3. ಒಮ್ಮೊಮ್ಮೆ 2. ಅಪ್‌ಲೋಡೂ ಅಷ್ಟೇ. ಫೈಲು ಅರ್ಧ ಹೋಗಿರುತ್ತದೆ, ಅಲ್ಲೇ ನಿಂತುಬಿಡುತ್ತದೆ, ಮತ್ತೆ ಮೊದಲಿಂದ ಶುರು ಮಾಡಬೇಕು.

ರೌಟರ್ ಹಾಲ್‌ನಲ್ಲಿದೆ, ಕಂಪ್ಯೂಟರ್ ಪಕ್ಕದ ರೂಮಿನಲ್ಲಿ, ನಡುವೆ ಒಂದೇ ಗೋಡೆ. ಸಿಗ್ನಲ್ ಕಡ್ಡಿ ಮೂರು ತೋರಿಸುತ್ತದೆ. ನೆಟ್ ಕಂಪನಿಯವರು ಬಂದು ತಮ್ಮ ಫೋನಿನಲ್ಲಿ ನೋಡಿ, ನಮ್ಮ ಲೈನ್ ಸರಿ ಇದೆ, ನಿಮ್ಮ ಕಂಪ್ಯೂಟರ್‌ನದೇ ತೊಂದರೆ ಅಂತ ಹೇಳಿ ಹೋದರು. ಕಂಪ್ಯೂಟರ್ ಅಂಗಡಿಗೆ ಫೋನ್ ಮಾಡಿದರೆ, ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿ ಅಂದರು. ಫಾರ್ಮ್ಯಾಟ್ ಮಾಡಿದರೆ ನುಡಿ, ಪೇಜ್‌ಮೇಕರ್, ವರ್ಷಗಳಿಂದ ಕೂಡಿಟ್ಟ ಫಾಂಟುಗಳು ಎಲ್ಲ ಮತ್ತೆ ಹಾಕಬೇಕು. ಈ ತಿಂಗಳು ಮದುವೆ ಕೆಲಸ ಕೈ ತುಂಬ ಇದೆ. ಬೇರೆ ದಾರಿ ಇದೆಯಾ?


ಎಂ ಬ್ಲಾಕ್ ಕುವೆಂಪುನಗರ
ಸೋಮವಾರ, ರಾತ್ರಿ 10:15

ಮೇಡಂ, ಫಾರ್ಮ್ಯಾಟ್ ಸದ್ಯಕ್ಕೆ ಬೇಡವೇ ಬೇಡ. ಕಾರಣ ಗೊತ್ತಾಗದೆ ಫಾರ್ಮ್ಯಾಟ್ ಮಾಡಿದರೆ ಎರಡು ದಿನದ ಕೆಲಸ ಹೋಗುತ್ತದೆ, ತೊಂದರೆ ಹಾಗೇ ಉಳಿಯಬಹುದು.

ಕೆಲವು ವಿವರ ಬೇಕು. ಡೆಸ್ಕ್‌ಟಾಪಾ, ಲ್ಯಾಪ್‌ಟಾಪಾ? ಡೆಸ್ಕ್‌ಟಾಪ್ ಆದರೆ ವೈಫೈ ಒಳಗಿನ ಕಾರ್ಡಿನಿಂದ ಬರುತ್ತದಾ, ಇಲ್ಲ ಯುಎಸ್‌ಬಿ ಡಾಂಗಲ್ (ಯುಎಸ್‌ಬಿ ತೂತಿಗೆ ಚುಚ್ಚುವ ಚಿಕ್ಕ ವೈಫೈ ಸಾಧನ) ಹಾಕಿದ್ದೀರಾ? ವಿಂಡೋಸ್ 10ಆ, 11ಆ? ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅಂಡ್ ಇಂಟರ್ನೆಟ್ ತೆಗೆದು, ವೈಫೈ ಒತ್ತಿ, ನಿಮ್ಮ ಕನೆಕ್ಷನ್‌ನ ಪ್ರಾಪರ್ಟೀಸ್ ನೋಡಿ. ಕೆಳಗೆ ಪ್ರೋಟೋಕಾಲ್, ನೆಟ್‌ವರ್ಕ್ ಬ್ಯಾಂಡ್, ಚಾನೆಲ್, ಲಿಂಕ್ ಸ್ಪೀಡ್ ಅಂತ ಇರುತ್ತದೆ. ಆ ನಾಲ್ಕನ್ನೂ ಇಲ್ಲಿ ಬರೆಯಿರಿ.


ಬೋಗಾದಿ ಎರಡನೇ ಹಂತ
ಸೋಮವಾರ, ರಾತ್ರಿ 10:40

ವಿಂಡೋಸ್ 10 ಇದ್ದರೆ ಅದೇ ಕಾರಣ ಇರಬಹುದು. 2025ರ ಅಕ್ಟೋಬರ್ 14ಕ್ಕೆ ಅದರ ಸಪೋರ್ಟ್ ನಿಂತಿದೆ. 11ಕ್ಕೆ ಹೋಗಿ. ಹಾಗೇ ವೈಫೈ ಡ್ರೈವರ್, ಅಂದರೆ ವೈಫೈ ಸಾಧನವನ್ನು ನಡೆಸುವ ಸಾಫ್ಟ್‌ವೇರ್, ತೆಗೆದು ಹೊಸದು ಹಾಕಿ ನೋಡಿ. ನನಗೆ ಒಂದು ಸಲ ಅದರಿಂದ ಸರಿ ಹೋಗಿತ್ತು.


ಹೂಟಗಳ್ಳಿ ಕೇಬಲ್ ಕೆಲಸ
ಸೋಮವಾರ, ರಾತ್ರಿ 11:05

ನಾನು ಆಫೀಸು, ಫ್ಯಾಕ್ಟರಿಗಳಲ್ಲಿ ನೆಟ್‌ವರ್ಕ್ ಕೇಬಲ್ ಎಳೆಯುವ ಕೆಲಸ ಮಾಡುತ್ತೇನೆ. ಬೋಗಾದಿಯವರೇ, ಸಪೋರ್ಟ್ ನಿಂತಿದೆ ಅಂದರೆ ಸೆಕ್ಯುರಿಟಿ ಅಪ್‌ಡೇಟ್ ಬರುವುದಿಲ್ಲ ಅಂತ. ಅದು ದೊಡ್ಡ ವಿಷಯವೇ, ಮುಂದೆ ಬದಲಾಯಿಸಲೇಬೇಕು. ಆದರೆ ಅದರಿಂದ 90 ಇದ್ದದ್ದು 3 ಆಗುವುದಿಲ್ಲ.

ಅಕ್ಕ, ಮೊದಲು ದಾರಿಯನ್ನು ಎರಡು ತುಂಡು ಮಾಡಿ ನೋಡೋಣ. ಕಂಪ್ಯೂಟರ್‌ನಿಂದ ರೌಟರ್‌ವರೆಗೆ ಒಂದು, ರೌಟರ್‌ನಿಂದ ಹೊರಗೆ ಇನ್ನೊಂದು. ಸ್ಪೀಡ್ ಟೆಸ್ಟ್ ಎರಡನ್ನೂ ಸೇರಿಸಿ ಒಂದೇ ನಂಬರ್ ಕೊಡುತ್ತದೆ, ಅದರಿಂದ ತೊಂದರೆ ಎಲ್ಲಿದೆ ಅಂತ ತಿಳಿಯುವುದಿಲ್ಲ. ಫೋನಿಗೆ 90 ಬರುತ್ತಿದೆ ಅಂದಮೇಲೆ ಎರಡನೇ ತುಂಡು ಚೆನ್ನಾಗಿದೆ. ಮೊದಲನೇ ತುಂಡನ್ನು ಮಾತ್ರ ಅಳೆಯಬೇಕು. ಅದಕ್ಕೆ ಪಿಂಗ್ ಅಂತ ಇದೆ, ರೌಟರನ್ನು ಕೂಗಿ ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ತೋರಿಸುತ್ತದೆ.

ಸ್ಟಾರ್ಟ್ ಒತ್ತಿ ಸಿಎಂಡಿ ಅಂತ ಇಂಗ್ಲಿಷ್‌ನಲ್ಲಿ ಹೊಡೆಯಿರಿ. ಕಪ್ಪು ಕಿಟಕಿ ಬರುತ್ತದೆ. ಅದರಲ್ಲಿ ಪಿಂಗ್, ಒಂದು ಸ್ಪೇಸ್, 192.168.1.1, ಮತ್ತೊಂದು ಸ್ಪೇಸ್, ಒಂದು ಸಣ್ಣ ಗೆರೆ, ಅದಕ್ಕೆ ಅಂಟಿಸಿ ಟಿ ಅಕ್ಷರ. ಎಂಟರ್ ಒತ್ತಿ. ರೌಟರ್ ವಿಳಾಸ ಬೇರೆ ಇದ್ದರೆ ಅದನ್ನು ಹಾಕಿ, ರೌಟರ್ ಕೆಳಗಿನ ಚೀಟಿಯಲ್ಲಿ ಬರೆದಿರುತ್ತದೆ. ಎರಡು ನಿಮಿಷ ಬಿಟ್ಟು ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿ. ಒಂದೇ ಗೋಡೆ ಆಚೆಯ ರೌಟರ್ 2, 3, ಹೆಚ್ಚೆಂದರೆ 10 ಮಿಲಿಸೆಕೆಂಡಿನಲ್ಲಿ ಉತ್ತರ ಕೊಡಬೇಕು.


ಸರಸ್ವತಿಪುರಂ ಡಿಟಿಪಿ
ಮಂಗಳವಾರ, ಬೆಳಿಗ್ಗೆ 11:20

ಎಲ್ಲರಿಗೂ ಥ್ಯಾಂಕ್ಸ್. ಡೆಸ್ಕ್‌ಟಾಪು, ವಿಂಡೋಸ್ 10. ವೈಫೈಗೆ ಯುಎಸ್‌ಬಿ ಡಾಂಗಲ್, ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು, ಸಿಪಿಯು ಹಿಂದೆ ಹಾಕಿದೆ. ಮೇಲೆ 150 ಅಂತ ಬರೆದಿದೆ.

ಪ್ರೋಟೋಕಾಲ್ ವೈಫೈ 4. ಬ್ಯಾಂಡ್ 2.4. ಚಾನೆಲ್ 6. ಲಿಂಕ್ ಸ್ಪೀಡ್ ಒಂದು ಸಲ ನೋಡಿದಾಗ 72 ಇತ್ತು, ಐದು ನಿಮಿಷ ಬಿಟ್ಟು ನೋಡಿದರೆ 19.

ಪಿಂಗ್ ಮಾಡಿದೆ. 4, 186, 3, 412, 95, ಆಮೇಲೆ ರಿಕ್ವೆಸ್ಟ್ ಟೈಮ್ಡ್ ಔಟ್, ಮತ್ತೆ 230. ಹೀಗೇ ಕುಣಿಯುತ್ತಿತ್ತು. ಕೊನೆಯಲ್ಲಿ 14 ಪರ್ಸೆಂಟ್ ಲಾಸ್ ಅಂತ ತೋರಿಸಿತು. ಇದು ಕೆಟ್ಟದ್ದಾ?


ಹೂಟಗಳ್ಳಿ ಕೇಬಲ್ ಕೆಲಸ
ಮಂಗಳವಾರ, ಮಧ್ಯಾಹ್ನ 1:30

ಬಹಳ ಕೆಟ್ಟದ್ದು ಅಕ್ಕ. ನೂರು ಸಲ ಕೂಗಿದರೆ 14 ಸಲ ಉತ್ತರವೇ ಇಲ್ಲ ಅಂತ. ಆದರೆ ಒಳ್ಳೆಯ ಸುದ್ದಿಯೂ ಅದೇ. ತೊಂದರೆ ಎಲ್ಲಿದೆ ಅಂತ ಗೊತ್ತಾಯಿತು. ನೆಟ್ ಕಂಪನಿಯ ಲೈನು ಅಲ್ಲ. ಡಾಂಗಲ್‌ಗೂ ರೌಟರ್‌ಗೂ ನಡುವಿನ ಗಾಳಿಯಲ್ಲಿ ಏನೋ ಇದೆ.


ಎಂ ಬ್ಲಾಕ್ ಕುವೆಂಪುನಗರ
ಮಂಗಳವಾರ, ಮಧ್ಯಾಹ್ನ 2:10

ಈಗ ಫೋನಿಗೆ ಯಾಕೆ ತೊಂದರೆ ಇಲ್ಲ ಅಂತ ಸ್ವಲ್ಪ ಗೊತ್ತಾಗುತ್ತದೆ. ರೌಟರ್ 2.4 ಮತ್ತು 5 ಗಿಗಾಹರ್ಟ್ಜ್ ಅಂತ ಎರಡು ಬ್ಯಾಂಡ್‌ನಲ್ಲಿ ವೈಫೈ ಕೊಡುತ್ತದೆ. ಫೋನು 5 ಹಿಡಿದಿರುತ್ತದೆ. ನಿಮ್ಮ ಡಾಂಗಲ್‌ಗೆ 2.4 ಮಾತ್ರ ಗೊತ್ತು. ಎರಡಕ್ಕೂ ಒಂದೇ ಹೆಸರು ಇಟ್ಟಿರುವುದರಿಂದ ಒಂದೇ ವೈಫೈ ಅನಿಸುತ್ತದೆ, ಆದರೆ ಎರಡೂ ಬೇರೆ ಬೇರೆ ರಸ್ತೆ. 2.4 ಅಂದರೆ ದೇವರಾಜ ಮಾರ್ಕೆಟ್ ಮುಂದಿನ ರಸ್ತೆ ಇದ್ದ ಹಾಗೆ. ಅಕ್ಕಪಕ್ಕದ ಮನೆಗಳ ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ, ಎಲ್ಲ ಅಲ್ಲೇ ಓಡಾಡುತ್ತವೆ. ಮೈಕ್ರೋವೇವ್ ಕೆಲಸ ಮಾಡುವುದೇ 2.45 ಗಿಗಾಹರ್ಟ್ಜ್‌ನಲ್ಲಿ.

ಒಂದು ಪರೀಕ್ಷೆ ಮಾಡಿ. ರೌಟರ್‌ನಲ್ಲಿ 2.4ಕ್ಕೆ ಬೇರೆ ಹೆಸರು ಕೊಡಿ, ಫೋನನ್ನು ಅದಕ್ಕೆ ಸೇರಿಸಿ ಸ್ಪೀಡ್ ನೋಡಿ. ಆಮೇಲೆ ಚಾನೆಲ್ ಬದಲಾಯಿಸಿ. 2.4ರಲ್ಲಿ ಒಂದಕ್ಕೊಂದು ತಗುಲದ ಚಾನೆಲ್ ಮೂರೇ, 1, 6, 11. ಅಕ್ಕಪಕ್ಕದವರೆಲ್ಲ 6ರಲ್ಲಿ ಇದ್ದರೆ ನೀವು 1 ಅಥವಾ 11ಕ್ಕೆ ಹೋಗಿ. ಚಾನೆಲ್ ಅಗಲ 20 ಮೆಗಾಹರ್ಟ್ಜ್ ಇಡಿ, 40 ಬೇಡ. ಮನೆ ಒತ್ತೊತ್ತಾಗಿ ಇರುವ ಕಡೆ 40 ಇಟ್ಟರೆ ನಮಗೂ ಕಷ್ಟ, ಪಕ್ಕದವರಿಗೂ ಕಷ್ಟ.


ಅಗ್ರಹಾರದ ಹಳೆ ಮನೆ
ಮಂಗಳವಾರ, ಸಂಜೆ 5:45

ಗೋಡೆಯನ್ನೂ ನೋಡಿ ಮೇಡಂ. ನಮ್ಮದು ಹಳೇ ಕಾಲದ ಮನೆ, ಗೋಡೆ ಒಂದೂವರೆ ಅಡಿ ದಪ್ಪ. ರೌಟರನ್ನು ಟಿವಿ ಶೋಕೇಸ್ ಒಳಗೆ ಇಟ್ಟಿದ್ದೆವು, ಆ ಗೋಡೆಯ ಆಚೆ ಕಡೆ ಕಬ್ಬಿಣದ ಬೀರು. ಬೀರು ಇರುವ ರೂಮಿನಲ್ಲಿ ಏನೂ ಬರುತ್ತಿರಲಿಲ್ಲ. ರೌಟರನ್ನು ಹೊರಗೆ ತೆಗೆದು ಬಾಗಿಲಿನ ಮೇಲಿನ ಅಟ್ಟದ ಅಂಚಿಗೆ ಇಟ್ಟ ಮೇಲೆ ಸರಿಯಾಯಿತು.


ಮಂಡ್ಯ ವಿದ್ಯಾನಗರ
ಮಂಗಳವಾರ, ರಾತ್ರಿ 8:20

ನಡುವೆ ಬಂದಿದ್ದಕ್ಕೆ ಕ್ಷಮಿಸಿ, ನನ್ನದೂ ಇಂಥದ್ದೇ ಕಥೆ. ನನ್ನ ಹಳೇ ಲ್ಯಾಪ್‌ಟಾಪ್ ಚಾರ್ಜರ್ ಹಾಕಿದ್ದಾಗ 60 ಕೊಡುತ್ತದೆ, ಕರೆಂಟ್ ಹೋಯಿತು ಅಂದರೆ 8ಕ್ಕೆ ಇಳಿಯುತ್ತದೆ. ರೌಟರ್‌ಗೆ ಯುಪಿಎಸ್ ಇದೆ, ಅದು ಆಫ್ ಆಗುವುದಿಲ್ಲ. ಇದಕ್ಕೂ ಅದೇ ಕಾರಣವಾ?


ಎಂ ಬ್ಲಾಕ್ ಕುವೆಂಪುನಗರ
ಮಂಗಳವಾರ, ರಾತ್ರಿ 8:35

ಇಲ್ಲ ಸರ್, ನಿಮ್ಮದು ಬೇರೆ. ಬ್ಯಾಟರಿ ಉಳಿಸಲು ವಿಂಡೋಸ್ ವೈಫೈ ಕಾರ್ಡನ್ನು ಅರ್ಧ ನಿದ್ದೆಗೆ ಹಾಕುತ್ತದೆ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ವೈರ್‌ಲೆಸ್ ಅಡಾಪ್ಟರ್ ಅಂತ ಇದ್ದರೆ, ಆನ್ ಬ್ಯಾಟರಿ ಇರುವ ಕಡೆ ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್ ಇಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಕಾರ್ಡಿನ ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ಇರುವ ಟಿಕ್ಕನ್ನೂ ತೆಗೆಯಿರಿ.


ಸರಸ್ವತಿಪುರಂ ಡಿಟಿಪಿ
ಬುಧವಾರ, ಬೆಳಿಗ್ಗೆ 10:40

ನಿನ್ನೆ ರಾತ್ರಿ ಮಗನನ್ನು ಕೂರಿಸಿಕೊಂಡು ಎಲ್ಲ ಮಾಡಿದೆ. ಫೋನನ್ನು 2.4ಕ್ಕೆ ಸೇರಿಸಿದರೆ 38 ಬಂತು. ಚಾನೆಲ್ 6 ಬಿಟ್ಟು 11ಕ್ಕೆ ಹಾಕಿದೆ. ಫೋನು 41 ಆಯಿತು, ಕಂಪ್ಯೂಟರ್ 5. ಬೋಗಾದಿಯವರು ಹೇಳಿದ ಡ್ರೈವರ್ ಕೂಡ ಹೊಸದು ಹಾಕಿದೆ, ಏನೂ ವ್ಯತ್ಯಾಸ ಇಲ್ಲ.

ಆದರೆ ಒಂದು ವಿಚಿತ್ರ. ಇವತ್ತು ಬೆಳಿಗ್ಗೆ ಏಳು ಗಂಟೆಗೆ ಸುಮ್ನೆ ಟೆಸ್ಟ್ ಮಾಡಿದರೆ ಕಂಪ್ಯೂಟರ್‌ನಲ್ಲಿ 36 ಬಂತು! ಖುಷಿಯಾಗಿ ಅಡುಗೆ ಮನೆಗೆ ಹೋಗಿ ತಿಂಡಿ ಮುಗಿಸಿ, ಹತ್ತು ಗಂಟೆಗೆ ಕೆಲಸಕ್ಕೆ ಕೂತರೆ ಮತ್ತೆ 3.


ಬೋಗಾದಿ ಎರಡನೇ ಹಂತ
ಬುಧವಾರ, ಬೆಳಿಗ್ಗೆ 11:00

ಹಾಗಾದರೆ ಅಕ್ಕಪಕ್ಕದವರು ಎದ್ದು ನೆಟ್ ಬಳಸಲು ಶುರು ಮಾಡಿದ್ದಾರೆ. ಒಂದು ವೈಫೈ ಬೂಸ್ಟರ್ ತಗೊಳ್ಳಿ ಮೇಡಂ, ಪ್ಲಗ್ಗಿಗೆ ಚುಚ್ಚಿದರೆ ಆಯಿತು.


ಹೂಟಗಳ್ಳಿ ಕೇಬಲ್ ಕೆಲಸ
ಬುಧವಾರ, ಮಧ್ಯಾಹ್ನ 12:50

ಬೂಸ್ಟರ್‌ಗೆ ದುಡ್ಡು ಹಾಕಬೇಡಿ. ಪ್ಲಗ್ಗಿಗೆ ಚುಚ್ಚುವ ಸಾಧಾರಣ ಬೂಸ್ಟರ್ ಅದೇ ಚಾನೆಲ್‌ನಲ್ಲಿ ಒಂದು ಸಲ ಕೇಳಿ, ಮತ್ತೊಂದು ಸಲ ಹೇಳಬೇಕು, ಹಾಗಾಗಿ ಇರುವ ವೇಗವೂ ಅರ್ಧ ಆಗುತ್ತದೆ. ಸಿಗ್ನಲ್ ಇಲ್ಲದ ಮೂಲೆಗೆ ಅದು ಸರಿ. ಅಕ್ಕನ ರೂಮಿನಲ್ಲಿ ಸಿಗ್ನಲ್ ಇದೆ.

ಅಕ್ಕಪಕ್ಕದವರು ಕಾರಣ ಆಗಿದ್ದರೆ ಅದೇ 2.4ರಲ್ಲಿ ಫೋನು 41 ಕೊಡುತ್ತಿರಲಿಲ್ಲ ಅಲ್ವಾ? ಅದೇ ರೂಮು, ಅದೇ ಚಾನೆಲ್. ಹಾಗಾದರೆ ತೊಂದರೆ ಆ ಸಿಪಿಯು ಹತ್ತಿರವೇ ಇದೆ.

ಅಕ್ಕ, ಸರಿಯಾಗಿ ನೆನಪು ಮಾಡಿಕೊಳ್ಳಿ. ಏಳು ಗಂಟೆಗೆ ಇಲ್ಲದ್ದು ಹತ್ತು ಗಂಟೆಗೆ ಏನು ಇತ್ತು? ಕೆಲಸಕ್ಕೆ ಕೂತಾಗ ಏನೇನು ಆನ್ ಮಾಡುತ್ತೀರಿ, ಏನೇನು ಚುಚ್ಚುತ್ತೀರಿ? ಚಿಕ್ಕದು ಅಂತ ಬಿಡಬೇಡಿ, ಎಲ್ಲವನ್ನೂ ಬರೆಯಿರಿ.


ಸರಸ್ವತಿಪುರಂ ಡಿಟಿಪಿ
ಬುಧವಾರ, ಮಧ್ಯಾಹ್ನ 3:15

ಫ್ಯಾನು, ಟೇಬಲ್ ಲೈಟು, ಪ್ರಿಂಟರ್. ಆಮೇಲೆ ಹಳೇ ಕೆಲಸಗಳೆಲ್ಲ ಇರುವ ಹೊರಗಿನ ಹಾರ್ಡ್ ಡಿಸ್ಕ್ ಚುಚ್ಚುತ್ತೇನೆ, ಏಕೆಂದರೆ ಪ್ರತಿ ಪತ್ರಿಕೆಗೂ ಹಳೇ ಡಿಸೈನು, ಗಣಪತಿ ಚಿತ್ರ, ಬಾರ್ಡರು ಅದರಿಂದಲೇ ತೆಗೆಯಬೇಕು. ರಾತ್ರಿ ಕೆಲಸ ಮುಗಿಯುವ ತನಕ ಅದು ಹಾಗೇ ಇರುತ್ತದೆ. ಅದನ್ನು ಕೊಂಡು ಒಂದು ತಿಂಗಳೂ ಆಗಿಲ್ಲ, ಹಳೆಯದು ಹೋಯಿತು ಅಂತ ಹೊಸದು ತಂದೆ.

ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ, ನನ್ನ ಮೌಸ್ ಕೂಡ ಈಚೆಗೆ ತಡವರಿಸುತ್ತದೆ. ವೈರ್ ಇಲ್ಲದ ಮೌಸು. ಅಕ್ಷರ ಜೋಡಿಸುವಾಗ ಬಾಣದ ಗುರುತು ನಿಂತು ನಿಂತು ಹಾರುತ್ತದೆ. ಸೆಲ್ ಮುಗಿದಿದೆ ಅಂತ ಎರಡು ಸಲ ಬದಲಾಯಿಸಿದೆ.


ಹೂಟಗಳ್ಳಿ ಕೇಬಲ್ ಕೆಲಸ
ಬುಧವಾರ, ಮಧ್ಯಾಹ್ನ 3:25

ಮೌಸ್ ವಿಷಯ ಹೇಳಿದ್ದು ಬಹಳ ಒಳ್ಳೆಯದಾಯಿತು! ನಿಮ್ಮ ವೈರ್‌ಲೆಸ್ ಮೌಸ್ ಮಾತಾಡುವುದೂ 2.4ರಲ್ಲೇ. ಡಾಂಗಲ್ ಒಂದೇ ಕೆಟ್ಟಿದ್ದರೆ ಮೌಸ್ ಯಾಕೆ ತಡವರಿಸಬೇಕು?

ಸಿಪಿಯು ಹಿಂಬದಿ ಹೇಗಿದೆ, ಡಾಂಗಲ್, ಮೌಸಿನ ಬಟನ್ನು (ಯುಎಸ್‌ಬಿಗೆ ಚುಚ್ಚುವ ಅದರ ಚಿಕ್ಕ ರಿಸೀವರ್), ಹಾರ್ಡ್ ಡಿಸ್ಕಿನ ವೈರು ಯಾವ ಯಾವ ತೂತಿನಲ್ಲಿವೆ ನೋಡಿ ಹೇಳಿ. ತೂತಿನೊಳಗಿನ ನಾಲಿಗೆ ನೀಲಿಯಾ, ಕಪ್ಪಾ ಅಂತಲೂ ನೋಡಿ.


ಸರಸ್ವತಿಪುರಂ ಡಿಟಿಪಿ
ಬುಧವಾರ, ಸಂಜೆ 4:30

ಟೇಬಲ್ ಕೆಳಗೆ ಬಗ್ಗಿ ಟಾರ್ಚ್ ಹಾಕಿ ನೋಡಿದೆ. ಹಿಂದೆ ಆರು ತೂತು ಇವೆ. ಮೇಲಿನ ನಾಲ್ಕು ಕಪ್ಪು. ಎರಡರಲ್ಲಿ ಕೀಬೋರ್ಡ್, ಪ್ರಿಂಟರ್, ಇನ್ನೆರಡು ಖಾಲಿ, ಧೂಳು ತುಂಬಿವೆ. ಕೆಳಗೆ ಎರಡು ನೀಲಿ, ಒಂದರ ಪಕ್ಕ ಒಂದು. ಒಂದು ನೀಲಿಯಲ್ಲಿ ವೈಫೈ ಡಾಂಗಲ್. ಅದಕ್ಕೆ ತಾಗಿದ ಹಾಗೆ ಇನ್ನೊಂದು ನೀಲಿಯಲ್ಲಿ ಹಾರ್ಡ್ ಡಿಸ್ಕಿನ ವೈರು. ನಡುವೆ ಒಂದು ಬೆರಳು ಹೋಗುವುದಿಲ್ಲ. ಮೌಸಿನ ಬಟನ್ನು ಸಿಪಿಯು ಮುಂದೆ ಇದೆ, ಹಾರ್ಡ್ ಡಿಸ್ಕನ್ನು ಸಿಪಿಯು ಮೇಲೇ ಇಡುತ್ತೇನೆ, ಅಂದರೆ ಅದರ ಹತ್ತಿರ.


ಹೂಟಗಳ್ಳಿ ಕೇಬಲ್ ಕೆಲಸ
ಬುಧವಾರ, ಸಂಜೆ 5:10

ಹಾರ್ಡ್ ಡಿಸ್ಕ್ ಮೇಲೆಯೇ ನನ್ನ ಅನುಮಾನ. ಆದರೆ ನಾನು ಹೇಳಿದೆ ಅಂತ ನಂಬಬೇಡಿ, ನೀವೇ ಅಳೆದು ನೋಡಿ. ಬೇರೆ ಏನನ್ನೂ ಮುಟ್ಟಬೇಡಿ.

ಪಿಂಗ್ ಶುರು ಮಾಡಿ. ಹಾರ್ಡ್ ಡಿಸ್ಕನ್ನು ಸರಿಯಾಗಿ ಇಜೆಕ್ಟ್ ಮಾಡಿ ತೆಗೆದುಬಿಡಿ, ಒಂದು ನಿಮಿಷ ನಂಬರ್ ನೋಡಿ. ಆಮೇಲೆ ಅದೇ ತೂತಿಗೆ ಹಾಕಿ ಒಂದು ದೊಡ್ಡ ಫೈಲ್ ಕಾಪಿ ಮಾಡುತ್ತಾ ನೋಡಿ. ಮತ್ತೆ ತೆಗೆದು ಈ ಸಲ ಖಾಲಿ ಇರುವ ಕಪ್ಪು ತೂತಿಗೆ ಹಾಕಿ, ಅದೇ ಫೈಲ್ ಕಾಪಿ ಮಾಡುತ್ತಾ ನೋಡಿ.


ಸರಸ್ವತಿಪುರಂ ಡಿಟಿಪಿ
ಬುಧವಾರ, ಸಂಜೆ 6:40

ಮಾಡಿದೆ. ನನಗೆ ನಂಬಲು ಆಗುತ್ತಿಲ್ಲ, ಅದಕ್ಕೇ ಮೂರು ಸಲ ಮಾಡಿದೆ.

ಹಾರ್ಡ್ ಡಿಸ್ಕ್ ತೆಗೆದಾಗ 2, 3, 2, 4, 3. ಒಂದೂ ತಪ್ಪಲಿಲ್ಲ. ನೀಲಿಗೆ ಹಾಕಿದ ಕೂಡಲೇ 70, 140 ಆಯಿತು, ಕಾಪಿ ಶುರು ಮಾಡಿದ ಮೇಲೆ 300 ದಾಟಿ ಟೈಮ್ಡ್ ಔಟ್ ಬರಲು ಶುರು. ಮೌಸೂ ತಡವರಿಸಿತು. ಕಪ್ಪಿಗೆ ಹಾಕಿ ಅದೇ ಫೈಲ್ ಕಾಪಿ ಮಾಡಿದರೆ ಮತ್ತೆ 3, 4, 3. ಕಾಪಿ ಮಾತ್ರ ನಿಧಾನ. ಮೂರು ಸಲವೂ ಹಾಗೇ.

ಹಾರ್ಡ್ ಡಿಸ್ಕಿಗೂ ಇಂಟರ್ನೆಟ್ಟಿಗೂ ಏನು ಸಂಬಂಧ? ಅದು ಹಾಳಾಗಿದೆಯಾ? ಅದರಲ್ಲಿ ನನ್ನ ಎಲ್ಲ ಕೆಲಸ ಇದೆ.


ಹೂಟಗಳ್ಳಿ ಕೇಬಲ್ ಕೆಲಸ
ಬುಧವಾರ, ರಾತ್ರಿ 8:00

ಹಾಳಾಗಿಲ್ಲ, ಗಾಬರಿ ಬೇಡ. ನಿಮ್ಮ ಡಿಸ್ಕೂ ಸರಿ, ಡಾಂಗಲೂ ಸರಿ, ಇಬ್ಬರನ್ನು ಒಂದೇ ಬೆಂಚಿನಲ್ಲಿ ಕೂರಿಸಿದ್ದೇ ತಪ್ಪು.

ನೀಲಿ ನಾಲಿಗೆ ಅಂದರೆ ಸಾಮಾನ್ಯವಾಗಿ ಯುಎಸ್‌ಬಿ 3. ಅದರಲ್ಲಿ ಡೇಟಾ ಸೆಕೆಂಡಿಗೆ 5 ಗಿಗಾಬಿಟ್ ಓಡುತ್ತದೆ. ಅಷ್ಟು ವೇಗವಾಗಿ ವಿದ್ಯುತ್ತು ಏರಿಳಿದಾಗ ಆ ವೈರು, ಆ ತೂತು, ಡಿಸ್ಕಿನ ಡಬ್ಬಿ, ಎಲ್ಲ ಸೇರಿ ಚಿಕ್ಕ ಆಂಟೆನಾ ಹಾಗೆ ಆಗುತ್ತವೆ. ಹೊರಗೆ ಸೋರುವ ಗದ್ದಲ 2.4ರಿಂದ 2.5 ಗಿಗಾಹರ್ಟ್ಜ್ ಜಾಗಕ್ಕೂ ಬಂದು ಬೀಳುತ್ತದೆ. ವೈಫೈ ಮತ್ತು ಮೌಸು ಮಾತಾಡುವ ಜಾಗವೇ ಅದು. ರೌಟರ್ ಹಾಲ್‌ನಿಂದ ಮೆಲ್ಲಗೆ ಹೇಳುವ ಮಾತು ಡಾಂಗಲ್‌ಗೆ ಕೇಳಬೇಕು, ಆದರೆ ಅದರ ಕಿವಿಯ ಪಕ್ಕದಲ್ಲೇ ತಮಟೆ ಹೊಡೆದ ಹಾಗೆ ಆಗಿದೆ. ಕೇಳಿಸದ್ದನ್ನು ರೌಟರ್ ಮತ್ತೆ ಮತ್ತೆ ಹೇಳಬೇಕು, ಪ್ರತಿ ಸಲ ಇನ್ನೂ ನಿಧಾನವಾಗಿ. ನಿಮ್ಮ ಲಿಂಕ್ ಸ್ಪೀಡ್ 72ರಿಂದ 19ಕ್ಕೆ ಬಿದ್ದದ್ದು ಅದಕ್ಕೇ. ಕಡ್ಡಿ ಮಾತ್ರ ಮೂರೇ ತೋರಿಸುತ್ತದೆ, ಏಕೆಂದರೆ ಅದು ಹೇಳುವುದು ಸಿಗ್ನಲ್ ಎಷ್ಟು ಬಲವಾಗಿದೆ ಅಂತ, ಪಕ್ಕದಲ್ಲಿ ಗದ್ದಲ ಎಷ್ಟಿದೆ ಅಂತ ಅಲ್ಲ.

ಇದು ಹೊಸ ವಿಷಯವೂ ಅಲ್ಲ. ಇಂಟೆಲ್ ಕಂಪನಿಯೇ 2012ರಲ್ಲಿ ಈ ಬಗ್ಗೆ ವಿವರವಾಗಿ ಬರೆದು ಪ್ರಕಟಿಸಿದೆ. ಅಂಗಡಿಗಳಲ್ಲಿ ಮಾತ್ರ ಇದನ್ನು ಯಾರೂ ಹೇಳುವುದಿಲ್ಲ. ನಾನು ಒಂದು ಕಾರ್ಖಾನೆಯ ಸ್ಟೋರ್‌ನಲ್ಲಿ ಇದೇ ತೊಂದರೆಗೆ ಎರಡು ದಿನ ಕಳೆದಿದ್ದೇನೆ, ಹಾಗಾಗಿ ನನಗೆ ಗೊತ್ತು.

ಕಪ್ಪು ತೂತು ಯುಎಸ್‌ಬಿ 2, ಅದರಿಂದ ಈ ಗದ್ದಲ ಬರುವುದಿಲ್ಲ. ಆದರೆ ಡಿಸ್ಕನ್ನು ಅಲ್ಲೇ ಬಿಟ್ಟರೆ ನಿಮಗೆ ಕಾಪಿ ಮಾಡಲು ಕಷ್ಟ. ಡಿಸ್ಕ್ ನೀಲಿಯಲ್ಲೇ ಇರಲಿ, ಡಾಂಗಲ್ ದೂರ ಹೋಗಲಿ. ಒಂದು ಮೀಟರ್ ಉದ್ದದ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತಗೊಳ್ಳಿ, ಯುಎಸ್‌ಬಿ 2ರದ್ದೇ ಸಾಕು. ಕಪ್ಪು ತೂತಿಗೆ ಹಾಕಿ, ಇನ್ನೊಂದು ತುದಿಗೆ ಡಾಂಗಲ್ ಹಾಕಿ, ಟೇಬಲ್ ಮೇಲೆ ಎತ್ತರದಲ್ಲಿ ಹಾಲ್ ಕಡೆಗೆ ಇಡಿ. ಹಾರ್ಡ್ ಡಿಸ್ಕನ್ನು ಮೌಸಿನ ಬಟನ್ನಿನಿಂದಲೂ ದೂರ ಇಡಿ.


ಎಂ ಬ್ಲಾಕ್ ಕುವೆಂಪುನಗರ
ಬುಧವಾರ, ರಾತ್ರಿ 8:20

ನಾನು ಚಾನೆಲ್ ಕಡೆಯೇ ನೋಡುತ್ತಿದ್ದೆ, ಇದು ಹೊಳೆದೇ ಇರಲಿಲ್ಲ. ನನ್ನ ಮನೆಯ ಕಂಪ್ಯೂಟರ್ ಹಿಂದೆಯೂ ಈಗಲೇ ಹೋಗಿ ನೋಡುತ್ತೇನೆ.

ಮೇಡಂ, ಕೇಬಲ್ ಹಾಕಿದ ಮೇಲೂ ಆ ಡಾಂಗಲ್‌ನಿಂದ 40ಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ. 150 ಅಂತ ಬರೆದಿರುವುದು 40 ಮೆಗಾಹರ್ಟ್ಜ್ ಚಾನೆಲ್ ಅಗಲದಲ್ಲಿ ಮಾತ್ರ. 20ರಲ್ಲಿ 72, ಕೈಗೆ ಸಿಗುವುದು ಅದರ ಅರ್ಧ ಸುಮಾರು.


ಸರಸ್ವತಿಪುರಂ ಡಿಟಿಪಿ
ಗುರುವಾರ, ಮಧ್ಯಾಹ್ನ 12:10

ಬೆಳಿಗ್ಗೆಯೇ ಹೋಗಿ ಕೇಬಲ್ ತಂದೆ. ಡಾಂಗಲನ್ನು ಗೋಡೆ ಗಡಿಯಾರದ ಕೆಳಗಿನ ಶೆಲ್ಫಿನಲ್ಲಿ ಇಟ್ಟಿದ್ದೇನೆ. ಹಾರ್ಡ್ ಡಿಸ್ಕ್ ನೀಲಿಯಲ್ಲೇ ಇದೆ, ಕಾಪಿ ಆಗುತ್ತಿದೆ, ಅದರ ಜೊತೆಗೇ ಸ್ಪೀಡ್ ಟೆಸ್ಟ್ 37, 39, 38. ಬಾಣದ ಗುರುತು ಈಗ ನೀರಿನ ಹಾಗೆ ಓಡುತ್ತದೆ.

240 ಎಂಬಿ ಫೈಲು ಒಂದು ನಿಮಿಷದೊಳಗೆ ಹೋಯಿತು. ಪ್ರೆಸ್‌ನವರು ಫೋನ್ ಮಾಡಿ ಬಂತು ಮೇಡಂ ಅಂದಾಗ ಕಣ್ಣಲ್ಲಿ ನೀರೇ ಬಂತು. ಹದಿನೈದು ದಿನ ರಾತ್ರಿ ಒಂದು ಗಂಟೆ ತನಕ ಕಾಯುತ್ತಾ ಕೂತಿದ್ದೇನೆ. ಹೂಟಗಳ್ಳಿ ಸರ್, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಿಲ್ಲ.


ಹೂಟಗಳ್ಳಿ ಕೇಬಲ್ ಕೆಲಸ
ಗುರುವಾರ, ರಾತ್ರಿ 9:15

ಥ್ಯಾಂಕ್ಸ್ ಬೇಡ ಅಕ್ಕ. ಒಂದು ಮಾತು ಮಾತ್ರ ಕೇಳಿ. ಹೊಟ್ಟೆಪಾಡಿನ ಕೆಲಸ ಆ ಕಂಪ್ಯೂಟರ್‌ನಲ್ಲಿ ಇದೆ, ಅದು ಜಾಗ ಬಿಟ್ಟು ಕದಲುವುದೂ ಇಲ್ಲ. ಅಂಥದ್ದಕ್ಕೆ ವೈಫೈ ಯಾಕೆ? ನಡುವೆ ಒಂದೇ ಗೋಡೆ ಇದೆ. ಹದಿನೈದು ಮೀಟರ್ ಕ್ಯಾಟ್ 6 ನೆಟ್‌ವರ್ಕ್ ಕೇಬಲ್, ಎರಡು ತುದಿಗೂ ಕನೆಕ್ಟರ್ ಒತ್ತಿರುವುದೇ ರೆಡಿ ಸಿಗುತ್ತದೆ. ರೌಟರ್ ಹಿಂದೆ ಒಂದು ತುದಿ, ಸಿಪಿಯು ಹಿಂದೆ ಒಂದು ತುದಿ. ಡ್ರೈವರ್, ಚಾನೆಲ್ ಯಾವುದರ ಚಿಂತೆಯೂ ಇರುವುದಿಲ್ಲ. ಗೋಡೆ ಕೊರೆಯಲು ಮನಸ್ಸಿಲ್ಲದಿದ್ದರೆ ಬಾಗಿಲಿನ ಚೌಕಟ್ಟಿನ ಪಕ್ಕದಲ್ಲಿ ಕ್ಲಿಪ್ ಹೊಡೆದು ತನ್ನಿ.


ಮಂಡ್ಯ ವಿದ್ಯಾನಗರ
ಶುಕ್ರವಾರ, ಬೆಳಿಗ್ಗೆ 7:30

ನಿನ್ನೆ ಸಂಜೆ ಕರೆಂಟ್ ಹೋದಾಗ ನೋಡಿದೆ. ಪವರ್ ಆಪ್ಷನ್ಸ್ ಬದಲಾಯಿಸಿದ ಮೇಲೆ ಬ್ಯಾಟರಿಯಲ್ಲೂ 57 ಬಂತು. ಎಂ ಬ್ಲಾಕ್‌ನವರಿಗೆ ಥ್ಯಾಂಕ್ಸ್. ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ, ಪರವಾಗಿಲ್ಲ.


ಸರಸ್ವತಿಪುರಂ ಡಿಟಿಪಿ
ಭಾನುವಾರ, ಸಂಜೆ 6:05

ಕೇಬಲ್ ಎಳೆದಾಯಿತು. ಗೋಡೆ ಕೊರೆಯುವ ಕೆಲಸವೇ ಬರಲಿಲ್ಲ. ಮುಂಚೆ ಲ್ಯಾಂಡ್‌ಲೈನ್ ಫೋನ್ ಇದ್ದಾಗ ಹಾಲ್‌ನಿಂದ ಈ ರೂಮಿಗೆ ವೈರ್ ತರಲು ಹೊಡೆದಿದ್ದ ತೂತು ಕ್ಯಾಲೆಂಡರ್ ಹಿಂದೆ ಹಾಗೇ ಇತ್ತು. ಕನೆಕ್ಟರ್ ದಪ್ಪ ಇದ್ದದ್ದರಿಂದ ಸ್ಕ್ರೂಡ್ರೈವರ್‌ನಲ್ಲಿ ಸ್ವಲ್ಪ ಗಾರೆ ಕೆರೆಯಬೇಕಾಯಿತು. ಮಗ ಆ ಕಡೆಯಿಂದ ತಳ್ಳಿದ, ನಾನು ಈ ಕಡೆಯಿಂದ ಎಳೆದುಕೊಂಡೆ.

ಸ್ಪೀಡ್ 94. ಪಿಂಗ್ ಒಂದಕ್ಕಿಂತ ಕಡಿಮೆ ಅಂತ ತೋರಿಸುತ್ತದೆ. ಹಾರ್ಡ್ ಡಿಸ್ಕ್ ಹಾಕಿದರೂ ಅಷ್ಟೇ, ತೆಗೆದರೂ ಅಷ್ಟೇ. ನಾಳೆ ಎರಡು ಲಗ್ನಪತ್ರಿಕೆ, ಒಂದು ಶಾಲೆಯ ಸಂಚಿಕೆ ಕಳಿಸಬೇಕು. ಡಾಂಗಲನ್ನೂ ಎಕ್ಸ್‌ಟೆನ್ಷನ್ ಕೇಬಲನ್ನೂ ಒಂದು ಕವರಿಗೆ ಹಾಕಿ ಎತ್ತಿಟ್ಟಿದ್ದೇನೆ. ಮೈಸೂರಿನಲ್ಲಿ ಯಾರಿಗಾದರೂ ಇದೇ ತೊಂದರೆ ಬಂದು, ಕೇಬಲ್ ಕೊಳ್ಳುವ ಮೊದಲು ಒಂದು ಸಲ ಹಾಕಿ ನೋಡಬೇಕು ಅನಿಸಿದರೆ ಇಲ್ಲಿ ಹೇಳಿ, ಕೊಡುತ್ತೇನೆ.